ಕಾಠ್ಮಂಡುವಿಗೆ ಹಾರುವಾಗ ಹಿಮಾಲಯ ಯಾವ ಕಿಟಕಿಗೆ?

ಪ್ರಶ್ನೆ: ನವೆಂಬರ್ ತಿಂಗಳಲ್ಲಿ ಅಪ್ಪ, ಅಮ್ಮನನ್ನು ಕರೆದುಕೊಂಡು ಬೆಂಗಳೂರಿನಿಂದ ದೆಹಲಿಯ ಮೂಲಕ ಕಾಠ್ಮಂಡುವಿಗೆ, ಅಲ್ಲಿಂದ ಪೋಖರಾ ಮತ್ತು ಮುಕ್ತಿನಾಥಕ್ಕೆ ಹೋಗುವವನಿದ್ದೇನೆ. ಇಬ್ಬರಿಗೂ ಎಪ್ಪತ್ತು ದಾಟಿದೆ. ವಿಮಾನದಿಂದ ಹಿಮಾಲಯವನ್ನು ನೋಡಬೇಕೆಂಬುದು ಅಪ್ಪನ ಬಹುಕಾಲದ ಆಸೆ. ಕಿಟಕಿಯ ಸೀಟಿಗೆ ಹೆಚ್ಚು ಹಣ ಕೇಳುತ್ತಾರೆ. ಎಡವೋ ಬಲವೋ, ಮುಂದೋ ಹಿಂದೋ ತಿಳಿಯದೆ ಹಣ ಕಟ್ಟಲು ಮನಸ್ಸಾಗುತ್ತಿಲ್ಲ. ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ದೆಹಲಿಯಿಂದ ಕಾಠ್ಮಂಡುವಿಗೆ ಹೋಗುವಾಗ ಎಡಗಡೆಯ ಕಿಟಕಿ, ಅಂದರೆ ‘ಎ’ ಸೀಟು, ಹಿಂದಿರುಗುವಾಗ ಬಲಗಡೆಯ ಕಿಟಕಿ, ಅಂದರೆ ‘ಎಫ್’ ಸೀಟು. ಸಾಲು ರೆಕ್ಕೆಗಿಂತ ಮುಂದಿರಲಿ. ಏರ್‌ಬಸ್ ಎ320 ವಿಮಾನವಾದರೆ 4ರಿಂದ 8ರ ಒಳಗೆ ಯಾವುದಾದರೂ ಆದೀತು. ಹಣ ಕಟ್ಟಲು ಇಷ್ಟು ಸಾಕು. ಆದರೆ ಹಣ ಕಟ್ಟಿ, ಸರಿಯಾದ ಸೀಟಿನಲ್ಲೇ ಕುಳಿತು, ಹಿಮಾಲಯವನ್ನು ಮೋಡವೆಂದುಕೊಂಡು ಇಳಿದು ಹೋದವರನ್ನು ನಾನು ನೋಡಿದ್ದೇನೆ. ಆದ್ದರಿಂದ ಉಳಿದದ್ದನ್ನೂ ಬರೆಯುತ್ತೇನೆ.

ಮೊದಲು ದಿಕ್ಕಿನ ವಿಚಾರ. ದೆಹಲಿಯಿಂದ ಕಾಠ್ಮಂಡು ಬಹುಮಟ್ಟಿಗೆ ಪೂರ್ವಕ್ಕೆ, ಸ್ವಲ್ಪವೇ ದಕ್ಷಿಣಕ್ಕೆ ವಾಲಿದಂತೆ ಇದೆ. ವಿಮಾನ ಉತ್ತರ ಪ್ರದೇಶದ ಬಯಲಿನ ಮೇಲೆ ಪೂರ್ವಾಭಿಮುಖವಾಗಿ ಸಾಗುವಾಗ ಹಿಮಾಲಯದ ಸಾಲು ಉದ್ದಕ್ಕೂ ಉತ್ತರಕ್ಕಿರುತ್ತದೆ, ಪೂರ್ವಕ್ಕೆ ಮುಖ ಮಾಡಿ ಕುಳಿತವನಿಗೆ ಉತ್ತರ ಎಡಗೈ ಕಡೆ. ಸೀಟಿನ ಅಕ್ಷರಗಳು ಎಡದಿಂದ ಬಲಕ್ಕೆ ಸಾಗುತ್ತವೆ: ಮೂರು ಸೀಟು, ನಡುವೆ ಓಡಾಡುವ ದಾರಿ, ಮತ್ತೆ ಮೂರು ಸೀಟು ಇರುವ ವಿಮಾನದಲ್ಲಿ ‘ಎ’ ಎಡತುದಿಯ ಕಿಟಕಿ, ‘ಎಫ್’ ಬಲತುದಿಯ ಕಿಟಕಿ. ಬರುವಾಗ ವಿಮಾನದ ಮುಖ ತಿರುಗಿರುತ್ತದೆಯಾದ್ದರಿಂದ ಅಕ್ಷರವೂ ತಿರುಗಬೇಕು. ಇದು ಹೇಳುವಷ್ಟು ದೊಡ್ಡ ಮಾತಲ್ಲ ಎನಿಸಬಹುದು. ನಾನು ಮೊದಲ ಸಲ ಹೋದಾಗ ‘ಎ’ ಒಳ್ಳೆಯ ಸೀಟು ಎಂಬುದನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು, ಬರುವಾಗಲೂ ಹಣ ಕೊಟ್ಟು ‘ಎ’ಯನ್ನೇ ಹಿಡಿದು, ಒಂದೂವರೆ ಗಂಟೆ ಗಂಗೆಯ ಬಯಲಿನ ಮಬ್ಬನ್ನು ನೋಡುತ್ತಾ ದೆಹಲಿ ತಲುಪಿದೆ. ಆಚೆ ಬದಿಯಿಂದ ಜನರ ಉದ್ಗಾರ ಮಾತ್ರ ಕೇಳಿಸುತ್ತಿತ್ತು.

ಇನ್ನು ಏನು ಕಾಣುತ್ತದೆ ಎಂಬುದನ್ನು ನಿಮ್ಮ ತಂದೆಯವರಿಗೆ ಮೊದಲೇ ಹೇಳಿಡುವುದು ಒಳ್ಳೆಯದು. ಕಿಟಕಿಯ ತುಂಬ ಹಿಮ ತುಂಬಿಕೊಳ್ಳುವ ಚಿತ್ರಗಳನ್ನು ನೋಡಿ ಹೋದವರಿಗೆ ನಿರಾಸೆಯಾಗುತ್ತದೆ. ಈ ಹಾದಿಯಲ್ಲಿ ದೊಡ್ಡ ಶಿಖರಗಳು ವಿಮಾನದಿಂದ ನೂರೈವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುತ್ತವೆ. ಅಷ್ಟು ದೂರದಿಂದ ಧವಳಗಿರಿಯಂಥ ಪರ್ವತವೂ ಕೈ ಚಾಚಿ ಹಿಡಿದ ಹೆಬ್ಬೆರಳಿನ ಅಗಲದಷ್ಟು ಎತ್ತರವಾಗಿ ಮಾತ್ರ ಕಾಣುತ್ತದೆ. ಚಿಕ್ಕದೆಂದು ಬೇಸರ ಬೇಡ: ಆ ಹೆಬ್ಬೆರಳಗಲದ ಬಿಳಿ ಸಾಲು ಕಿಟಕಿಯ ಈ ಅಂಚಿನಿಂದ ಆ ಅಂಚಿನವರೆಗೆ ಕಡಿಯದೆ ಹಬ್ಬಿರುತ್ತದೆ, ಕಣ್ಣು ಒಮ್ಮೆ ಹಿಡಿದರೆ ಬಿಡುವುದಿಲ್ಲ.

ಕಣ್ಣು ಹಿಡಿಯುವುದೇ ಕಷ್ಟ. ಪರ್ವತವೆಂದರೆ ತಲೆಯೆತ್ತಿ ನೋಡುವ ಅಭ್ಯಾಸ ನಮಗೆ. ವಿಮಾನ ಸುಮಾರು 35,000 ಅಡಿ, ಅಂದರೆ ಹತ್ತೂವರೆ ಕಿಲೋಮೀಟರ್ ಎತ್ತರದಲ್ಲಿ ಹಾರುವಾಗ ಎಂಟು ಸಾವಿರ ಮೀಟರಿನ ಶಿಖರವೂ ನಮಗಿಂತ ಕೆಳಗೇ ಇರುತ್ತದೆ. ಭೂಮಿಯ ಬಾಗು ಅದನ್ನು ಇನ್ನಷ್ಟು ಕೆಳಗಿಳಿಸುತ್ತದೆ. ಹಾಗಾಗಿ ನೋಟವನ್ನು ಕಣ್ಣಿನ ಮಟ್ಟಕ್ಕಿಂತ ಎಳ್ಳಷ್ಟು ಕೆಳಗೆ, ಬಯಲಿನ ಮೇಲಿನ ಮಣ್ಣುಬಣ್ಣದ ಮಬ್ಬು ಮುಗಿದು ನೀಲಿ ಆಕಾಶ ಶುರುವಾಗುವ ಗೆರೆಯ ಮೇಲೆ ಇಡಬೇಕು. ಆ ಗೆರೆಯ ಮೇಲೆ ಹರಿದ ಕಾಗದದ ಅಂಚಿನಂತೆ ಏನಾದರೂ ಕಂಡರೆ ಅದೇ. ಮೋಡವೋ ಪರ್ವತವೋ ಎಂಬ ಅನುಮಾನ ಬಂದರೆ ಎರಡು ನಿಮಿಷ ಕಾಯಿರಿ. ಪರ್ವತದ ಅಂಚು ಚೂಪು, ಅದರ ನೆರಳು ನೀಲಿ, ಅದು ಆಕಾರ ಬದಲಿಸುವುದಿಲ್ಲ. ಮೋಡದ ಅಂಚು ಹತ್ತಿಯಂತೆ ಬಿಡಿಸಿಕೊಂಡಿರುತ್ತದೆ.

ದೆಹಲಿ ಬಿಟ್ಟ ಮೊದಲ ಅರ್ಧ ಗಂಟೆಯಲ್ಲಿ ಕಾಣುವುದು ಉತ್ತರಾಖಂಡದ ಶಿಖರಗಳು. ಗಾಳಿ ತೊಳೆದಿಟ್ಟಂತೆ ತಿಳಿಯಾಗಿದ್ದರೆ 7,816 ಮೀಟರಿನ ನಂದಾದೇವಿ ಎಡಕ್ಕೆ ಬಹಳ ದೂರದಲ್ಲಿ ಸಿಕ್ಕೀತು, ಆದರೆ ಅದನ್ನು ನೆಚ್ಚಿಕೊಳ್ಳಬೇಡಿ. ಎಚ್ಚರವಾಗಿರಬೇಕಾದದ್ದು ಕೊನೆಯ ಮುಕ್ಕಾಲು ಗಂಟೆ. ಆಗ ಎಲ್ಲಕ್ಕೂ ಮೊದಲು, ಸುತ್ತಲಿನವುಗಳಿಂದ ಬೇರೆಯಾಗಿ ಒಂಟಿಯಾಗಿ ಎದ್ದು ನಿಂತ ಭಾರಿ ಬಿಳಿ ಗುಡ್ಡೆಯೊಂದು ಕಾಣುತ್ತದೆ. ನೇಪಾಳಿಗಳು ಅದನ್ನು ಧೌಲಾಗಿರಿ ಎನ್ನುತ್ತಾರೆ, ನಮ್ಮ ಬಾಯಲ್ಲಿ ಧವಳಗಿರಿ. ಎತ್ತರ 8,167 ಮೀಟರ್. ಅದರ ಬಲಕ್ಕೆ ಸಾಲು ಇದ್ದಕ್ಕಿದ್ದಂತೆ ತಗ್ಗುತ್ತದೆ, ಮತ್ತೆ ಏರಿದಾಗ ಅದು ಅನ್ನಪೂರ್ಣೆ, 8,091 ಮೀಟರ್. ಈ ಎರಡರ ನಡುವಿನ ತಗ್ಗನ್ನು ತಂದೆಯವರಿಗೆ ತಪ್ಪದೆ ತೋರಿಸಿ. ಅಲ್ಲಿ ಹರಿಯುವುದು ಕಾಳಿಗಂಡಕಿ. ನಮ್ಮ ದೇವರ ಮನೆಗಳ ಸಂಪುಟದಲ್ಲಿರುವ ಸಾಲಿಗ್ರಾಮಗಳು ಬಂದದ್ದು ಆ ನದಿಯಿಂದ, ನೀವು ಮುಂದೆ ಹೋಗಲಿರುವ ಮುಕ್ತಿನಾಥ ಇರುವುದೂ ಆ ತಗ್ಗಿನ ಹಿಂಬದಿಯಲ್ಲಿ. ಅನ್ನಪೂರ್ಣೆಯ ಸಾಲಿನ ಮುಂದೆ, ಸ್ವಲ್ಪ ತಗ್ಗಿನಲ್ಲಿ, 6,993 ಮೀಟರಿನ ಮಾಛಾಪುಛ್ರೆ ನಿಂತಿದೆ. ಹೆಸರನ್ನು ನಿಧಾನವಾಗಿ ಹೇಳಿಕೊಂಡರೆ ಮತ್ಸ್ಯಪುಚ್ಛ, ಮೀನಿನ ಬಾಲ, ಎಂದು ಕನ್ನಡಿಗರಿಗೆ ತಾನಾಗಿ ಹೊಳೆಯುತ್ತದೆ. ಆಮೇಲೆ 8,163 ಮೀಟರಿನ ಮನಾಸ್ಲು, ಅದರ ಪಕ್ಕ ಹಿಮಾಲ್‌ಚುಲಿ, ಕೊನೆಗೆ ಕಾಠ್ಮಂಡುವಿನ ಉತ್ತರಕ್ಕೆ ಗಣೇಶ್ ಹಿಮಾಲ್ ಮತ್ತು ಲಾಂಗ್‌ಟಾಂಗ್.

ಎವರೆಸ್ಟ್ ಕಾಣುತ್ತದೆಯೇ ಎಂದು ನೀವು ಕೇಳಿಲ್ಲ, ಆದರೆ ವಿಮಾನದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಕಾಠ್ಮಂಡುವಿನಿಂದಲೂ ಪೂರ್ವಕ್ಕೆ ನೂರೈವತ್ತು ಕಿಲೋಮೀಟರಿಗಿಂತ ದೂರದಲ್ಲಿದೆ. ದೆಹಲಿಯಿಂದ ಬರುವವರಿಗೆ ಅದು ವಿಮಾನದ ಮೂಗಿನ ನೇರಕ್ಕಿರುವುದರಿಂದ ಪಕ್ಕದ ಕಿಟಕಿಗೆ ಸಿಗುವುದಿಲ್ಲ. ಒಂದು ಅಪವಾದವಿದೆ. ಕಾಠ್ಮಂಡುವಿನ ತ್ರಿಭುವನ ವಿಮಾನ ನಿಲ್ದಾಣದಲ್ಲಿ ದಟ್ಟಣೆ ಹೆಚ್ಚು, ಇಳಿಯುವ ಸರದಿಗಾಗಿ ವಿಮಾನಗಳು ಕಣಿವೆಯ ದಕ್ಷಿಣದ ಆಕಾಶದಲ್ಲಿ ಸುತ್ತು ಹಾಕುತ್ತಾ ಕಾಯುವುದು ಸಾಮಾನ್ಯ. ಹಾಗೆ ಸುತ್ತುವಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ, ಪೂರ್ವದ ಶಿಖರಗಳೂ ಒಮ್ಮೊಮ್ಮೆ ಕಿಟಕಿಯಲ್ಲಿ ಹಾದುಹೋಗುತ್ತವೆ. ತಡವಾಯಿತೆಂದು ಎಲ್ಲರೂ ಗೊಣಗುವ ಆ ಇಪ್ಪತ್ತು ನಿಮಿಷ ನಿಮ್ಮ ಪಾಲಿಗೆ ಲಾಭ. ಎವರೆಸ್ಟನ್ನೇ ನೋಡಬೇಕೆಂದಿದ್ದರೆ ಕಾಠ್ಮಂಡುವಿನಿಂದ ಮುಂಜಾನೆ ಹೊರಟು ಸುಮಾರು ಒಂದು ಗಂಟೆಯಲ್ಲಿ ಮರಳುವ ಪರ್ವತ ದರ್ಶನದ ವಿಮಾನಗಳಿವೆ. ಹೋಗುತ್ತಾ ಒಂದು ಬದಿಗೆ, ಬರುತ್ತಾ ಇನ್ನೊಂದು ಬದಿಗೆ ಕಾಣುವುದರಿಂದ ಅಲ್ಲಿ ಎಡಬಲದ ಚಿಂತೆ ಇಲ್ಲ.

ಬೆಳಕಿನ ಮಟ್ಟಿಗೆ ನೀವು ಆರಿಸಿಕೊಂಡ ತಿಂಗಳು ಬಹಳ ಒಳ್ಳೆಯದು. ಮಳೆಗಾಲ ಗಾಳಿಯ ಧೂಳನ್ನು ತೊಳೆದು ಹೋದ ಮೇಲಿನ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ನೇಪಾಳದ ಆಕಾಶ ವರ್ಷದಲ್ಲೇ ತಿಳಿಯಾಗಿರುತ್ತದೆ. ದೆಹಲಿಯಲ್ಲಿ ಆಗ ಹೊಗೆಮಂಜು ಕವಿದಿರುತ್ತದೆ, ನಿಜ. ಆದರೆ ಅದು ನೆಲಕ್ಕಂಟಿದ ಪದರ. ವಿಮಾನ ಮೇಲೇರಿದ ಕೆಲವೇ ನಿಮಿಷಗಳಲ್ಲಿ ಅದನ್ನು ದಾಟಿರುತ್ತದೆ, ಹಿಮಶಿಖರಗಳಂತೂ ಅದಕ್ಕಿಂತ ಎಷ್ಟೋ ಮೇಲಿರುತ್ತವೆ. ಇನ್ನೊಂದು ಅನುಕೂಲವೆಂದರೆ ಆ ಋತುವಿನಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿರುತ್ತಾನೆ. ಎಡ ಕಿಟಕಿಯಲ್ಲಿ ಉತ್ತರವನ್ನು ನೋಡುವ ನಿಮಗೆ ಬಿಸಿಲು ಬೆನ್ನ ಹಿಂದಿರುತ್ತದೆ, ಗಾಜಿನ ಮೇಲೆ ಹೊಳಪು ಬೀಳುವುದಿಲ್ಲ, ನಿಮಗೆ ಕಾಣುವ ಪರ್ವತಗಳ ದಕ್ಷಿಣ ಮುಖಕ್ಕೆ ಬೆಳಕು ನೇರವಾಗಿ ಬಿದ್ದಿರುತ್ತದೆ. ಬೆಳಗಿನ ವಿಮಾನವಾದರೆ ಮೋಡ ಕಟ್ಟುವ ಮೊದಲೇ ಹೋಗಿ ಸೇರುತ್ತೀರಿ. ಸೂರ್ಯ ಮುಳುಗುವ ಸ್ವಲ್ಪ ಮುಂಚೆ ತಲುಪುವಂಥದಾದರೆ ಹೊಂಬಣ್ಣ ಸಿಗಬಹುದು, ಆದರೆ ನವೆಂಬರಿನಲ್ಲಿ ಬೇಗ ಕತ್ತಲಾಗುವುದರಿಂದ ವಿಮಾನ ಅರ್ಧ ಗಂಟೆ ತಡವಾದರೂ ಎಲ್ಲವೂ ಹೋದಂತೆ. ನಾನಾದರೆ ಬೆಳಗಿನದನ್ನೇ ಆರಿಸುತ್ತೇನೆ.

ಸೂರ್ಯ ಬಲಕ್ಕಿದ್ದರೆ ವಿಮಾನದ ನೆರಳು ಎಡಕ್ಕೆ ಬೀಳುತ್ತದೆ. ಕೆಳಗೆ ಬಿಳಿ ಮೋಡದ ಹಾಸು ಇದ್ದರೆ ಆ ನೆರಳಿನ ಸುತ್ತ ಕಾಮನಬಿಲ್ಲಿನ ಬಣ್ಣದ ಉಂಗುರವೊಂದು ಜೊತೆಜೊತೆಗೇ ಓಡುವುದನ್ನು ಅಮ್ಮನವರಿಗೆ ತೋರಿಸಿ. ಮೋಡದ ಸಣ್ಣ ಹನಿಗಳು ಬೆಳಕನ್ನು ಬಂದ ದಾರಿಗೇ ಹಿಂದಕ್ಕೆ ಚೆದುರಿಸುವುದರಿಂದ ಅದು ಮೂಡುತ್ತದೆ. ದೇವರ ಹಿಂದಿನ ಪ್ರಭಾವಳಿ ಎಂದರೆ ಅವರಿಗೆ ಕೂಡಲೇ ಅರ್ಥವಾಗುತ್ತದೆ.

ಈಗ ಸಾಲಿನ ವಿಚಾರ. ಎ320 ವಿಮಾನದಲ್ಲಿ ಸುಮಾರು 30 ಸಾಲುಗಳಿರುತ್ತವೆ. ಸರಿಸುಮಾರು 10ರಿಂದ 18ರವರೆಗಿನವರ ಕಿಟಕಿಯ ಕೆಳಗೆ ರೆಕ್ಕೆ ಇರುತ್ತದೆ. ಸೀಟಿನ ನಕ್ಷೆಯಲ್ಲಿ ತುರ್ತು ನಿರ್ಗಮನ ಬಾಗಿಲಿನ ಸಾಲುಗಳನ್ನು ಗುರುತಿಸಿರುತ್ತಾರೆ. ಎ320ಯಲ್ಲಿ ಅವು ರೆಕ್ಕೆಯ ಮೇಲೆಯೇ ತೆರೆಯುವುದರಿಂದ ರೆಕ್ಕೆಯ ನಡುಭಾಗ ಎಲ್ಲಿದೆ ಎಂಬುದು ಅಲ್ಲೇ ತಿಳಿದುಬಿಡುತ್ತದೆ. ಅವೇ ಸಾಲುಗಳಲ್ಲಿ ಕಾಲು ಚಾಚಲು ಜಾಗ ಹೆಚ್ಚೆಂದು ಆರಿಸಹೋಗಬೇಡಿ. ತುರ್ತಿನಲ್ಲಿ ಬಾಗಿಲು ತೆಗೆಯಲು ಶಕ್ತರಾದವರಿಗೆ ಮಾತ್ರ ಅದನ್ನು ಕೊಡುತ್ತಾರೆ, ಎಪ್ಪತ್ತು ದಾಟಿದವರನ್ನು ಕೊನೆಗಳಿಗೆಯಲ್ಲಿ ಎಬ್ಬಿಸಿ ಬೇರೆಡೆ ಕೂರಿಸಬಹುದು.

ರೆಕ್ಕೆಯ ಮೇಲೆ ಕುಳಿತರೆ ಎಲ್ಲವೂ ಮುಚ್ಚಿಹೋಗುತ್ತದೆ ಎಂಬುದು ಅತಿಶಯೋಕ್ತಿ. ಅದು ನೆಲವನ್ನು ಮುಚ್ಚುತ್ತದೆ. ದಿಗಂತದ ಅಂಚಿನಲ್ಲಿರುವ ಶಿಖರಗಳು ರೆಕ್ಕೆಯ ಮೇಲ್ಗಡೆಯಿಂದ ಕಂಡಾವು, ಆದರೆ ಹಾರುವಾಗ ರೆಕ್ಕೆಯ ತುದಿ ಮೇಲಕ್ಕೆ ಬಾಗಿರುತ್ತದೆ, ಆ ತುದಿಯಲ್ಲಿ ಆಳೆತ್ತರಕ್ಕಿಂತ ಹೆಚ್ಚಿನ ನೆಟ್ಟನೆಯ ಪಟ್ಟಿ ಬೇರೆ. ಧವಳಗಿರಿ ಅದರ ಹಿಂದೆ ಅಡಗಿದರೆ ಬೈಯುವುದು ಯಾರನ್ನು? ರೆಕ್ಕೆಯ ಹಿಂದಿನ ಸಾಲುಗಳದು ಇನ್ನೊಂದು ತೊಂದರೆ. ಎಂಜಿನ್ ಹೊರಬಿಡುವ ಬಿಸಿಗಾಳಿ ಅಲ್ಲಿಯೇ ಹಾದುಹೋಗುವುದರಿಂದ, ಬೇಸಿಗೆಯ ಟಾರು ರಸ್ತೆಯ ಮೇಲೆ ಕಾಣುವ ಬಿಸಿಲ ನಡುಕದಂತೆ, ಅದರಾಚೆಯ ದೃಶ್ಯ ನಡುಗುತ್ತದೆ. ಬರಿಗಣ್ಣಿಗೆ ಅಷ್ಟೇನೂ ತಿಳಿಯದು, ಕ್ಯಾಮೆರಾದಲ್ಲಿ ಹತ್ತಿರಕ್ಕೆ ಎಳೆದರೆ ಚಿತ್ರ ಮಸುಕಾಗುತ್ತದೆ. ಮುಂದಿನ ಸಾಲುಗಳಿಗೆ ಈ ಎರಡೂ ಇಲ್ಲ. ಮುಂದಿನವಕ್ಕೆ ಹಣ ಹೆಚ್ಚೆನಿಸಿದರೆ 25ರ ಆಚಿನ ಸಾಲುಗಳೂ ಕೆಟ್ಟವಲ್ಲ. 10ರಿಂದ 18 ಮಾತ್ರ ಬೇಡ. ವಿಮಾನ ಎ321 ಆಗಿದ್ದರೆ ಅದು ಇನ್ನೂ ಉದ್ದ, ಈ ಸಂಖ್ಯೆಗಳು ಹಿಂದಕ್ಕೆ ಸರಿಯುತ್ತವೆ.

ಕಿಟಕಿಯ ಸೀಟಿಗೆ ಕಿಟಕಿ ಇರಲೇಬೇಕೆಂದಿಲ್ಲ ಎಂಬುದನ್ನೂ ಹೇಳಬೇಕು. ವಿಮಾನ ಕಟ್ಟುವವರು ಕಿಟಕಿಗಳನ್ನು ತಮ್ಮ ಅಳತೆಯಲ್ಲಿ ಕೊರೆದಿರುತ್ತಾರೆ, ಎ320ಯಲ್ಲಿ 21 ಅಂಗುಲಕ್ಕೊಂದರಂತೆ. ಸೀಟು ಕೂರಿಸುವವರು ವಿಮಾನ ಸಂಸ್ಥೆಯವರು, ಅವರ ಅಳತೆ 28ರಿಂದ 30 ಅಂಗುಲ. ಎರಡು ತಾಳ ಕೂಡುವುದಿಲ್ಲವಾದ್ದರಿಂದ ಒಂದು ಸಾಲಿನವರಿಗೆ ಕಿಟಕಿ ಮುಖದ ನೇರಕ್ಕೇ ಬಂದರೆ, ಮುಂದಿನ ಸಾಲಿನವರಿಗೆ ಎರಡು ಕಿಟಕಿಗಳ ನಡುವಿನ ಗೋಡೆ ಬರುತ್ತದೆ; ಅವರು ಮುಂದಕ್ಕೆ ಬಾಗಿಯೋ ಹಿಂದಕ್ಕೆ ಕತ್ತು ತಿರುಗಿಸಿಯೋ ನೋಡಬೇಕು. ಬೋಯಿಂಗ್ 737 ಸಿಕ್ಕರೆ ಇನ್ನಷ್ಟು ಎಚ್ಚರ ಬೇಕು: ಹವಾನಿಯಂತ್ರಣದ ಕೊಳವೆ ಗೋಡೆಯೊಳಗೆ ಏರಿಹೋಗುವೆಡೆ, ರೆಕ್ಕೆಗಿಂತ ಸ್ವಲ್ಪ ಮುಂದೆ, ಕಿಟಕಿಯನ್ನೇ ಬಿಟ್ಟಿರುತ್ತಾರೆ. ಕೆಲವು ಸಂಸ್ಥೆಗಳು ನಕ್ಷೆಯಲ್ಲಿ ಇದನ್ನು ತಿಳಿಸುತ್ತವೆ, ಕೆಲವು ತಿಳಿಸುವುದಿಲ್ಲ. ಹಣ ಕೊಟ್ಟು ಗೋಡೆ ಸಿಕ್ಕರೆ ವಿಮಾನ ಹೊರಡುವ ಮೊದಲೇ ಗಗನಸಖಿಗೆ ಹೇಳಿ. ಖಾಲಿ ಕಿಟಕಿ ಇದ್ದರೆ ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ.

ಮೂವರು ಹೇಗೆ ಕೂರಬೇಕೆಂಬುದಕ್ಕೆ ನನ್ನ ಸಲಹೆ: ಒಂದೇ ಸಾಲಿನ ಮೂರು ಸೀಟು ಬೇಡ. ನಡುವಿನ ಸೀಟಿನವರಿಗೆ ಆಕಾಶದ ಒಂದು ತುಣುಕು ಕಂಡೀತು, ದಾರಿಯ ಪಕ್ಕದವರಿಗೆ ಅದೂ ಇಲ್ಲ. ತಂದೆಯವರಿಗೆ 5ನೇ ಸಾಲಿನ ‘ಎ’, ತಾಯಿಯವರಿಗೆ ಅದರ ಹಿಂದೆಯೇ 6ನೇ ಸಾಲಿನ ‘ಎ’ ಕೊಟ್ಟು, ನೀವು 6ರ ‘ಬಿ’ಯಲ್ಲಿ ಕುಳಿತರೆ ಇಬ್ಬರಿಗೂ ಕಿಟಕಿ ಸಿಗುತ್ತದೆ, ನೀವೂ ಇಬ್ಬರ ಕೈಗೆಟಕುವಷ್ಟು ಹತ್ತಿರವಿರುತ್ತೀರಿ. ಕಿಟಕಿಗೆ ಕೊಡುವ ಹಣವನ್ನು ದೆಹಲಿ–ಕಾಠ್ಮಂಡು ನಡುವೆ ಮಾತ್ರ ಖರ್ಚು ಮಾಡಿ.

ಬೆಂಗಳೂರು–ದೆಹಲಿ ಹಾದಿಯಲ್ಲಿ ವಿಶೇಷವೇನಿಲ್ಲ. ಉತ್ತರಾಭಿಮುಖವಾದ ಆ ಎರಡೂಮುಕ್ಕಾಲು ಗಂಟೆಯಲ್ಲಿ ಬೆಳಗಿನ ಬಿಸಿಲು ಬಲಗಡೆಯವರ ಕಣ್ಣಿಗೆ ಹೊಡೆಯುತ್ತದೆ, ಆದ್ದರಿಂದ ಪುಕ್ಕಟೆ ಸಿಕ್ಕರೆ ಎಡಗಡೆ ಇರಲಿ. ನವೆಂಬರಿನಲ್ಲಿ ಪೂರ್ವದ ಗಾಳಿ ಬೀಸುವ ದಿನ ವಿಮಾನ ಪೂರ್ವಕ್ಕೆ ಏರಿದರೆ, ನಿಲ್ದಾಣದ ನೇರ ಉತ್ತರಕ್ಕಿರುವ ನಂದಿಬೆಟ್ಟವೂ ಅದೇ ಎಡ ಕಿಟಕಿಗೆ ಬರುತ್ತದೆ.

ಕುಳಿತ ಮೇಲೆ ಮಾಡಬೇಕಾದ ಚಿಕ್ಕಪುಟ್ಟ ಕೆಲಸಗಳಿವೆ. ಒಳಗಿನ ಗಾಜಿನ ಮೇಲೆ ಹಿಂದಿನ ಪ್ರಯಾಣಿಕರ ಹಣೆಯ ಎಣ್ಣೆಯ ಗುರುತು ಇದ್ದೇ ಇರುತ್ತದೆ. ಕನ್ನಡಕ ಒರೆಸುವ ಬಟ್ಟೆಯಿಂದ ಒರೆಸಿಬಿಡಿ. ನಾವು ಗಾಜೆನ್ನುವುದು ನಿಜವಾಗಿ ಅಕ್ರಿಲಿಕ್ ಹಲಗೆ, ಅದೂ ಪದರ ಪದರವಾಗಿ. ನಡುವಿನ ಪದರದ ಕೆಳಭಾಗದಲ್ಲಿ ಸೂಜಿಯಿಂದ ಚುಚ್ಚಿದಂತಿರುವ ತೂತೊಂದನ್ನು ನೋಡಿ ತಾಯಿಯವರು ಗಾಬರಿಯಾಗುವುದು ಬೇಡ. ಪದರಗಳ ನಡುವಿನ ಒತ್ತಡವನ್ನು ಸರಿದೂಗಿಸಲೆಂದೇ ಅದನ್ನು ಇಟ್ಟಿರುತ್ತಾರೆ. ಎತ್ತರದಲ್ಲಿ ಅದರ ಸುತ್ತ ಮಂಜಿನ ಹರಳುಗಳು ಹಾಲು ಹಾಕಿದ ರಂಗೋಲಿಯಂತೆ ಕಟ್ಟಿಕೊಳ್ಳುತ್ತವೆ. ಪೋಲರೈಸ್ಡ್ ತಂಪುಕನ್ನಡಕ ಹಾಕಿಕೊಂಡು ನೋಡಿದರೆ ಕಿಟಕಿಯಲ್ಲಿ ಬಣ್ಣಬಣ್ಣದ ಪಟ್ಟೆಗಳು ಕಾಣುತ್ತವೆ. ಅದು ಅಕ್ರಿಲಿಕ್‌ನೊಳಗಿನ ಬಿಗಿತದ ಗುಣ, ಕನ್ನಡಕ ತೆಗೆದರೆ ಸರಿಹೋಗುತ್ತದೆ. ಫೋಟೋ ತೆಗೆಯುವಾಗ ಮೊಬೈಲನ್ನು ಗಾಜಿಗೆ ಒತ್ತದೆ, ಬೆರಳಗಲ ಬಿಟ್ಟು ಹಿಡಿಯಿರಿ, ಒತ್ತಿದರೆ ವಿಮಾನದ ನಡುಕ ಚಿತ್ರಕ್ಕೂ ಇಳಿಯುತ್ತದೆ. ಒಳಗಿನ ದೀಪ ಗಾಜಿನಲ್ಲಿ ಹೊಳೆದರೆ ಅಮ್ಮನವರ ಕಪ್ಪು ಶಾಲನ್ನು ತಲೆಯ ಮೇಲಿಂದ ಮೊಬೈಲಿನವರೆಗೆ ಹೊದ್ದುಕೊಳ್ಳಿ.

ಕಾಠ್ಮಂಡುವಿನಿಂದ ಪೋಖರಾಕ್ಕೆ ಪಶ್ಚಿಮಕ್ಕೆ ಹಾರುವುದರಿಂದ ಪರ್ವತಗಳು ಬಲಕ್ಕಿರುತ್ತವೆ. ಹಾರಾಟ ಅರ್ಧ ಗಂಟೆಯೂ ಇಲ್ಲ, ಆದರೆ ನನ್ನ ಲೆಕ್ಕದಲ್ಲಿ ಇಡೀ ಪ್ರವಾಸದ ಅತ್ಯುತ್ತಮ ಕಿಟಕಿ ಅದೇ: ಅಲ್ಲಿ ಹಾರುವ ಎಟಿಆರ್ ಎಂಬ ಪ್ರೊಪೆಲ್ಲರ್ ವಿಮಾನ ತಗ್ಗಿನಲ್ಲಿ ಹಾರುತ್ತದೆ, ಶಿಖರಗಳು ಹತ್ತಿರವಿರುತ್ತವೆ, ಕಣ್ಣನ್ನು ನಿಜವಾಗಿಯೂ ಮೇಲೆತ್ತಬೇಕಾಗುತ್ತದೆ. ಅದರ ರೆಕ್ಕೆ ಕಿಟಕಿಗಳ ಮೇಲ್ಗಡೆ ಇರುವುದರಿಂದ ಕೆಳಗಿನ ಹೊಳೆ, ಮೆಟ್ಟಿಲು ಗದ್ದೆಗಳೂ ಕಾಣುತ್ತವೆ. ಪ್ರೊಪೆಲ್ಲರಿನ ನೇರದ ಸಾಲುಗಳನ್ನು ಬಿಟ್ಟು ಹಿಂದೆ ಕುಳಿತುಕೊಳ್ಳಿ. ಪೋಖರಾದಿಂದ, ಮುಕ್ತಿನಾಥಕ್ಕೆ ಹತ್ತಿರದ ವಿಮಾನ ನಿಲ್ದಾಣವಾದ ಜೋಮ್‌ಸೋಮ್‌ಗೆ ಹೋಗುವುದು ಹದಿನೈದಿಪ್ಪತ್ತು ಜನ ಹಿಡಿಸುವ ಚಿಕ್ಕ ವಿಮಾನ. ಕಾಳಿಗಂಡಕಿಯ ಕಣಿವೆಯಲ್ಲಿ ಬಿಸಿಲೇರಿದಂತೆ ಗಾಳಿ ಜೋರಾಗುವುದರಿಂದ ಅದು ಮುಂಜಾನೆ ಮಾತ್ರ ಹಾರುತ್ತದೆ. ಕಣಿವೆಯಲ್ಲಿ ಉತ್ತರಕ್ಕೆ ಸಾಗುವಾಗ ಬಲಕ್ಕೆ ಅನ್ನಪೂರ್ಣೆ, ಎಡಕ್ಕೆ ಧವಳಗಿರಿ. ಅಲ್ಲಿ ಯಾವ ಕಡೆ ಸಿಕ್ಕರೂ ಸರಿ. ಕೆಲವು ದಿನಗಳ ಹಿಂದೆ ಹೆಬ್ಬೆರಳಗಲವಾಗಿ ಕಂಡ ತಗ್ಗಿನ ಒಳಗೇ ಆಗ ನೀವಿರುತ್ತೀರಿ.

ದೆಹಲಿಗೆ ಮರಳುವ ದಿನ ‘ಎಫ್’ ಎಂಬುದನ್ನು ಟಿಕೆಟಿನ ಮೇಲೆಯೇ ಬರೆದಿಟ್ಟುಕೊಳ್ಳಿ. ಆ ಹಾದಿ ಹಲವು ಸಲ ನೇಪಾಳದ ಒಳಗೇ ಪಶ್ಚಿಮಕ್ಕೆ ಸಾಗುವುದರಿಂದ ಶಿಖರಗಳು ಹೋಗುವಾಗಿನದಕ್ಕಿಂತ ಹತ್ತಿರವಿರುತ್ತವೆ. ಹೋಗುವ ದಿನ ಮೋಡವಿದ್ದು ತಂದೆಯವರಿಗೆ ಏನೂ ಕಾಣದಿದ್ದರೆ ಈ ಮಾತನ್ನು ಅವರಿಗೆ ಹೇಳಿ. ಹಿಂದಿರುಗುವ ವಿಮಾನವನ್ನೂ ಹಗಲಿನದನ್ನೇ ಕಾದಿರಿಸಿ.